ಹದಿನಾಲ್ಕರ ಬೆನ್ನೆಲುಬು ಮತ್ತು ವೇಗದ ಬೌಲಿಂಗ್‌ನ ಲೆಕ್ಕ

2011ರ ನವೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ನಡೆದ ಟೆಸ್ಟ್ ಪಂದ್ಯದಲ್ಲಿ ಆಸ್ಟ್ರೇಲಿಯಾ ತಂಡವು ಹದಿನೆಂಟು ವರ್ಷದ ವೇಗದ ಬೌಲರ್ ಪ್ಯಾಟ್ ಕಮಿನ್ಸ್ ಅವರನ್ನು ಮೊದಲ ಬಾರಿಗೆ ಕಣಕ್ಕಿಳಿಸಿತು. ಎರಡನೇ ಇನಿಂಗ್ಸ್‌ನಲ್ಲಿ ಅವರು ಆರು ವಿಕೆಟ್ ಪಡೆದರು, ಗೆಲುವಿನ ರನ್ನನ್ನೂ ತಾವೇ ಹೊಡೆದು ಪಂದ್ಯಶ್ರೇಷ್ಠರಾದರು. ಅವರು ಎರಡನೇ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ. ನಡುವಿನ ಐದು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲಿ ಅವರ ಪ್ರತಿಭೆಯೇನೂ ಕುಂದಿರಲಿಲ್ಲ. ಮತ್ತೆ ಮತ್ತೆ ಬಿರುಕು ಬಿಟ್ಟು ಕೈಕೊಟ್ಟದ್ದು ಬೆನ್ನಿನ ಕೆಳಭಾಗದ ಮೂಳೆ. ಅದಕ್ಕೂ ನಾಲ್ಕು ದಶಕಗಳ ಹಿಂದೆ, 1973ರಲ್ಲಿ, ಆಸ್ಟ್ರೇಲಿಯಾದ ಇನ್ನೊಬ್ಬ ವೇಗದ ಬೌಲರ್ ಡೆನಿಸ್ ಲಿಲ್ಲಿ ಅವರಿಗೂ ಇದೇ ಆಗಿತ್ತು. ನಮ್ಮವರ ವಿಷಯಕ್ಕೆ ಬಂದರೆ, ಜಸ್‌ಪ್ರೀತ್ ಬೂಮ್ರಾ ಮತ್ತು ಕರ್ನಾಟಕದ ಪ್ರಸಿದ್ಧ ಕೃಷ್ಣ ಇಬ್ಬರೂ ಬೆನ್ನಿನ ತೊಂದರೆಯಿಂದ ದೀರ್ಘಕಾಲ ಆಟದಿಂದ ದೂರವಿದ್ದು, 2023ರ ಆಗಸ್ಟ್‌ನಲ್ಲಿ ಐರ್ಲೆಂಡ್ ಪ್ರವಾಸದಲ್ಲಿ ಒಟ್ಟಿಗೇ ಮರಳಿದರು.

ಇವರೆಲ್ಲ ಹೆಸರಾಂತ ಆಟಗಾರರಾದ್ದರಿಂದ ಇವರ ಗಾಯ ಸುದ್ದಿಯಾಗುತ್ತದೆ, ಚಿಕಿತ್ಸೆಯೂ ಸಿಗುತ್ತದೆ. ಆದರೆ ಈ ಗಾಯ ಅತಿ ಹೆಚ್ಚಾಗಿ ಕಾಡುವುದು ಹದಿನಾಲ್ಕರಿಂದ ಇಪ್ಪತ್ತೆರಡರ ನಡುವಿನ, ಹೆಸರಾಗದ ಹುಡುಗರನ್ನು. ಶಾಲಾ ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಎಸೆಯುತ್ತಿದ್ದ ಹುಡುಗ ಒಂದು ದಿನ ಸೊಂಟ ಹಿಡಿದುಕೊಂಡು ಕೂರುತ್ತಾನೆ. ಮನೆಯವರು ಉಳುಕಿರಬೇಕೆಂದು ಎಣ್ಣೆ ತಿಕ್ಕುತ್ತಾರೆ. ವಾರದ ನಂತರ ಅವನು ಮತ್ತೆ ಮೈದಾನಕ್ಕೆ ಇಳಿಯುತ್ತಾನೆ. ಬೆಳೆಯುವ ದೇಹಕ್ಕೂ ಸ್ಪರ್ಧಾತ್ಮಕ ಕ್ರೀಡೆಯ ತರಬೇತಿಗೂ ನಡುವೆ ಇರುವ ಸಂಬಂಧವನ್ನು ಅರಿಯಲು ವೇಗದ ಬೌಲರ್‌ನ ಬೆನ್ನಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತೋರುತ್ತಿಲ್ಲ. ಈಜು, ಓಟ, ಕಬಡ್ಡಿ, ಬ್ಯಾಡ್ಮಿಂಟನ್‌ಗಳಲ್ಲಿ ಪೆಟ್ಟು ಬೀಳುವ ಜಾಗ ಬೇರೆಯಾದರೂ ಒಳಗಿನ ಲೆಕ್ಕ ಬಹುಪಾಲು ಇದೇ ಆಗಿರುತ್ತದೆ.

ಮೊದಲು ಒಂದು ಎಸೆತದಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಬೌಲರ್ ಓಡಿ ಬಂದು ಗಳಿಸಿದ ವೇಗವನ್ನು ಚೆಂಡಿಗೆ ದಾಟಿಸಬೇಕಾದರೆ ತನ್ನ ದೇಹವನ್ನು ಥಟ್ಟನೆ ನಿಲ್ಲಿಸಬೇಕಾಗುತ್ತದೆ. ಆ ಬ್ರೇಕ್ ಹಾಕುವುದು ಮುಂಗಾಲು. ಅದು ಕ್ರೀಸ್ ಬಳಿ ನೆಲಕ್ಕೆ ಬಿದ್ದಾಗ, ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳಷ್ಟು ಸಮಯದಲ್ಲಿ, ದೇಹದ ತೂಕದ ಐದಾರು ಪಟ್ಟು ಬಲ ನೆಲದಿಂದ ಕಾಲಿನ ಮೂಲಕ ಮೇಲೇರುತ್ತದೆ. ಅತ್ಯುನ್ನತ ಮಟ್ಟದ ಬೌಲರ್‌ಗಳಲ್ಲಿ ಅದು ಇನ್ನೂ ಹೆಚ್ಚಿರುತ್ತದೆ. ಮೊಣಕಾಲು ಬಾಗದೆ ನೆಟ್ಟಗೆ ನಿಂತಷ್ಟೂ ಚೆಂಡಿಗೆ ವೇಗ ಸಿಗುತ್ತದೆ, ಅಷ್ಟೇ ಪೆಟ್ಟು ಮೇಲಕ್ಕೂ ಹೋಗುತ್ತದೆ. ಸರಿಯಾಗಿ ಅದೇ ಕ್ಷಣದಲ್ಲಿ ಬೌಲರ್‌ನ ಮುಂಡವು ಬೌಲಿಂಗ್ ತೋಳಿನ ಎದುರು ಬದಿಗೆ ವಾಲಿರುತ್ತದೆ, ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ, ಜೊತೆಗೆ ತಿರುಗುತ್ತಲೂ ಇರುತ್ತದೆ. ಈ ಮೂರೂ ಚಲನೆಗಳು ಒಟ್ಟುಗೂಡಿ ಒತ್ತುವುದು ಸೊಂಟದ ಕೆಳಗಿನ ಕಶೇರುಗಳ, ಅದರಲ್ಲೂ ನಾಲ್ಕನೆಯ ಮತ್ತು ಐದನೆಯ ಮಣಿಗಳ, ಹಿಂಭಾಗದಲ್ಲಿರುವ ಒಂದು ಕಿರಿದಾದ ಮೂಳೆಯ ಸೇತುವೆಯನ್ನು. ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಜೋಡಿಸುವ ಈ ಭಾಗ ಪೆನ್ಸಿಲಿಗಿಂತ ಹೆಚ್ಚೇನೂ ದಪ್ಪವಿರುವುದಿಲ್ಲ. ಬಲಗೈ ಬೌಲರ್‌ಗಳಲ್ಲಿ ಬಿರುಕು ಹೆಚ್ಚಾಗಿ ಎಡಬದಿಯಲ್ಲಿ, ಎಡಗೈ ಬೌಲರ್‌ಗಳಲ್ಲಿ ಬಲಬದಿಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾರಣ ಇಲ್ಲಿದೆ.

ಬೌಲಿಂಗ್ ಆ್ಯಕ್ಷನ್‌ನ ಪಾತ್ರವೂ ಇದರಲ್ಲಿ ಇದೆ. ಹಿಂಗಾಲು ಊರಿದಾಗ ಭುಜಗಳು ಬ್ಯಾಟರ್‌ಗೆ ಎದುರಾಗಿದ್ದು, ಆನಂತರ ಪಕ್ಕಕ್ಕೆ ತಿರುಗಿ, ಮತ್ತೆ ಎದುರಿಗೆ ಬರುವ ಶೈಲಿಯನ್ನು ಮಿಶ್ರ ಆ್ಯಕ್ಷನ್ ಎನ್ನುತ್ತಾರೆ. ಭುಜಗಳು ಹೀಗೆ ಹಿಮ್ಮುಖವಾಗಿ 30 ಡಿಗ್ರಿಗಿಂತ ಹೆಚ್ಚು ತಿರುಗಿದರೆ ಅಪಾಯ ಹೆಚ್ಚು ಎಂಬ ತಿಳಿವಳಿಕೆ ಬಹಳ ವರ್ಷಗಳಿಂದ ತರಬೇತುದಾರರಲ್ಲಿದೆ. ಈಚಿನ ಅಧ್ಯಯನಗಳು ಭುಜದ ಜೊತೆಗೆ ಸೊಂಟ ಮತ್ತು ಮುಂಡ ಪಕ್ಕಕ್ಕೆ ವಾಲುವ ಬಗೆಯನ್ನೂ ಗಮನಿಸುತ್ತವೆ. ಆದರೆ ಅತ್ಯಂತ ಶುದ್ಧ ಆ್ಯಕ್ಷನ್ ಇರುವವರಿಗೂ ಈ ಬಿರುಕು ಬಂದಿದೆ ಎಂಬುದನ್ನು ಮರೆಯಬಾರದು.

ಈ ಬಿರುಕು ಒಂದೇ ಪೆಟ್ಟಿಗೆ ಆಗುವಂಥದ್ದಲ್ಲ. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಅದು ಕೊನೆಗೊಮ್ಮೆ ತುಂಡಾಗುವುದನ್ನು ನಾವೆಲ್ಲ ನೋಡಿದ್ದೇವೆ. ತಂತಿಗೂ ಮೂಳೆಗೂ ಇರುವ ವ್ಯತ್ಯಾಸವೆಂದರೆ ಮೂಳೆ ಜೀವಂತ ಅಂಗಾಂಶ. ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಪ್ರತಿ ಬಾರಿ ಭಾರ ಬಿದ್ದಾಗ ಉಂಟಾಗುವ ಕಣ್ಣಿಗೆ ಕಾಣದ ಸೂಕ್ಷ್ಮ ಹಾನಿಯನ್ನು ಒಂದು ಬಗೆಯ ಜೀವಕೋಶಗಳು ಕೆರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಅಲ್ಲಿ ಹೊಸ ಮೂಳೆಯನ್ನು ಕಟ್ಟುತ್ತವೆ. ಹಳೆಯ ಗೋಡೆ ಕೆಡವಿ ಹೊಸದು ಕಟ್ಟುವಾಗ ಮನೆ ಕೆಲವು ದಿನ ದುರ್ಬಲವಾಗಿರುವಂತೆ, ಈ ಕೆಲಸದಲ್ಲಿಯೂ ಮೂಳೆ ಗಟ್ಟಿಯಾಗುವ ಮೊದಲು ಸ್ವಲ್ಪ ಕಾಲ ಸಡಿಲವಾಗುತ್ತದೆ. ಕೆರೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ತುಂಬುವ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಭಾರ ಒಮ್ಮೆಲೇ ಏರಿದರೆ ಹಾನಿಯೇ ದುರಸ್ತಿಯನ್ನು ಹಿಂದಿಕ್ಕುತ್ತದೆ. ಎಂಆರ್‌ಐ ಪರೀಕ್ಷೆಯಲ್ಲಿ ಮೂಳೆಯೊಳಗಿನ ಊತ ನೋವು ಶುರುವಾಗುವುದಕ್ಕೆ ವಾರಗಳ ಮೊದಲೇ ಕಾಣಿಸಿಕೊಳ್ಳಬಲ್ಲದು ಎಂಬುದು ಕಿರಿಯ ಬೌಲರ್‌ಗಳ ಮೇಲಿನ ಅಧ್ಯಯನಗಳಿಂದ ತಿಳಿದಿದೆ. ಎಂದರೆ ನೋವು ಶುರುವಾದ ದಿನ ತೊಂದರೆಯ ಮೊದಲ ದಿನವಲ್ಲ.

ತರಬೇತಿಯಲ್ಲಿ ನಡೆಯುವ ಬಹುಪಾಲು ತಪ್ಪುಗಳ ಬೇರು, ನನ್ನ ತಿಳಿವಳಿಕೆಯಂತೆ, ದೇಹದ ಬೇರೆ ಬೇರೆ ಭಾಗಗಳು ಬೇರೆ ಬೇರೆ ವೇಗದಲ್ಲಿ ಹೊಂದಿಕೊಳ್ಳುತ್ತವೆ ಎಂಬುದನ್ನು ಗಮನಿಸದಿರುವುದರಲ್ಲಿದೆ. ಎರಡು ಮೂರು ವಾರ ಓಡಿದರೆ ಉಸಿರು ಹಿಡಿತಕ್ಕೆ ಬರುತ್ತದೆ. ಆರೆಂಟು ವಾರಗಳಲ್ಲಿ ಸ್ನಾಯುಗಳಿಗೆ ಬಲ ಬಂದದ್ದು ಗೊತ್ತಾಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಮತ್ತು ಮೂಳೆಗಳು ಇದಕ್ಕಿಂತ ಬಹಳ ನಿಧಾನ. ಹೀಗಾಗಿ ತಿಂಗಳ ಅಭ್ಯಾಸದ ನಂತರ ಹುಡುಗನಿಗೆ ದಣಿವೇ ಆಗದು, ಚೆಂಡು ಇನ್ನೂ ವೇಗವಾಗಿ ಹೋಗುತ್ತದೆ, ಇನ್ನೆರಡು ಓವರ್ ಕೊಡಿ ಎಂದು ಅವನೇ ಕೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನ ಹೃದಯವೂ ಸ್ನಾಯುಗಳೂ ಸಿದ್ಧವಾಗಿವೆ. ಸಿದ್ಧವಾಗದೆ ಉಳಿದದ್ದು ಮೂಳೆ, ಅದು ಹೇಳಿಕೊಳ್ಳುವುದಿಲ್ಲ.

ಇನ್ನೊಂದು ವಿಚಾರ ಇಲ್ಲಿ ಹೇಳಲೇಬೇಕು. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳ ಪ್ರಕಾರ, ಭಾರದ ಸಂದೇಶವನ್ನು ಗ್ರಹಿಸುವ ಮೂಳೆಯ ಜೀವಕೋಶಗಳು ಹತ್ತಾರು ಪೆಟ್ಟುಗಳ ನಂತರ ಹೆಚ್ಚುಕಡಿಮೆ ಕಿವುಡಾಗುತ್ತವೆ. ಅವುಗಳ ಸಂವೇದನೆ ಮರಳಲು ಹಲವು ಗಂಟೆಗಳ ಬಿಡುವು ಬೇಕು. ಹಾಗಾಗಿ ಮೂಳೆಯನ್ನು ಗಟ್ಟಿ ಮಾಡುವ ದೃಷ್ಟಿಯಿಂದ ನೋಡಿದರೆ ಒಂದೇ ಸಲ ನೂರು ಚೆಂಡು ಎಸೆಯುವುದಕ್ಕಿಂತ ಮೂವತ್ತರಂತೆ ಬೇರೆ ಬೇರೆ ದಿನ ಎಸೆಯುವುದು ಹೆಚ್ಚು ಫಲ ಕೊಡುವ ಸಾಧ್ಯತೆ ಇದೆ. ಮೊದಲ ಮೂವತ್ತರ ನಂತರದ ಚೆಂಡುಗಳಿಂದ ಮೂಳೆಗೆ ಲಾಭ ಅಲ್ಪ, ಸವೆತ ಮಾತ್ರ ಪೂರ್ತಿ. ಸರಿಯಾದ ಪ್ರಮಾಣದಲ್ಲಿ ಭಾರ ಬಿದ್ದರೆ ಮೂಳೆ ಎಷ್ಟು ಚೆನ್ನಾಗಿ ಸ್ಪಂದಿಸುತ್ತದೆ ಎಂಬುದಕ್ಕೆ ಬೌಲರ್‌ಗಳ ಬೆನ್ನೇ ಸಾಕ್ಷಿ: ವರ್ಷಗಟ್ಟಲೆ ಆಡಿದ ವೇಗದ ಬೌಲರ್‌ಗಳಲ್ಲಿ ಬೌಲಿಂಗ್ ತೋಳಿನ ಎದುರು ಬದಿಯ ಸೊಂಟದ ಮೂಳೆ ಇನ್ನೊಂದು ಬದಿಗಿಂತ ಸ್ಪಷ್ಟವಾಗಿ ಸಾಂದ್ರವಾಗಿರುತ್ತದೆ. ಯಾವ ಜಾಗ ಮುರಿಯುತ್ತದೆಯೋ, ಸಮಯ ಕೊಟ್ಟರೆ ಅದೇ ಜಾಗ ಗಟ್ಟಿಯೂ ಆಗುತ್ತದೆ.

ಬೆಳವಣಿಗೆಯ ವಯಸ್ಸಿನಲ್ಲಿ ಈ ಲೆಕ್ಕ ಮತ್ತಷ್ಟು ಬಿಗಿಯಾಗುತ್ತದೆ. ಎತ್ತರ ಅತಿ ವೇಗವಾಗಿ ಹೆಚ್ಚುವ ಘಟ್ಟ ಹುಡುಗಿಯರಲ್ಲಿ ಸರಾಸರಿ ಹನ್ನೆರಡರ ಸುಮಾರಿಗೆ, ಹುಡುಗರಲ್ಲಿ ಹದಿನಾಲ್ಕರ ಸುಮಾರಿಗೆ ಬರುತ್ತದೆ. ಆಗ ಹುಡುಗನೊಬ್ಬ ವರ್ಷಕ್ಕೆ 9–10 ಸೆಂಟಿಮೀಟರ್ ಬೆಳೆಯುವುದು ಸಾಮಾನ್ಯ. ಆದರೆ ಮೂಳೆಯೊಳಗೆ ಖನಿಜ ತುಂಬಿಕೊಳ್ಳುವ ವೇಗ ತನ್ನ ತುದಿ ಮುಟ್ಟುವುದು ಇದಾದ ಆರೆಂಟು ತಿಂಗಳ ನಂತರವೇ. ಉದ್ದವಾದ ಮೂಳೆ ಅದೇ ಅನುಪಾತದಲ್ಲಿ ಗಟ್ಟಿಯಾಗಿರದ ಈ ಅಂತರದಲ್ಲಿ ಅಪಾಯ ಹೆಚ್ಚು. ಜೊತೆಗೆ ಕೈಕಾಲುಗಳು ನೀಳವಾಗಿ ಸನ್ನೆಕೋಲಿನಂತೆ ಅವುಗಳ ಉದ್ದ ಹೆಚ್ಚುತ್ತದೆ, ದೇಹದ ತೂಕ ಏರುತ್ತದೆ, ಹೀಗೆ ಬೆನ್ನಿನ ಮೇಲೆ ಬೀಳುವ ಬಲವೂ ಬೆಳೆಯುತ್ತದೆ. ಇದೇ ಹೊತ್ತಿನಲ್ಲಿ ಮೊಣಕಾಲಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಬರುವುದೂ ಉಂಟು. ಸ್ನಾಯುರಜ್ಜು ಬಂದು ಸೇರುವ ಬೆಳವಣಿಗೆಯ ತಟ್ಟೆ (ಮೂಳೆ ಬೆಳೆಯುವ ಜಾಗ) ಇನ್ನೂ ಮೃದುವಾಗಿರುವುದೇ ಅದಕ್ಕೆ ಕಾರಣ. ಈ ಘಟ್ಟದ ಇನ್ನೊಂದು ಮುಖವನ್ನೂ ಗಮನಿಸಬೇಕು: ವಯಸ್ಕ ಮೂಳೆಯ ಒಟ್ಟು ಖನಿಜದ ಸುಮಾರು ಕಾಲುಭಾಗ ಈ ತುದಿಯ ಆಸುಪಾಸಿನ ಎರಡು ವರ್ಷಗಳಲ್ಲಿಯೇ ಸೇರಿಕೊಳ್ಳುತ್ತದೆ. ಆದ್ದರಿಂದ ಈ ಕಾಲದಲ್ಲಿ ಮಕ್ಕಳನ್ನು ಆಟದಿಂದ ಬಿಡಿಸಿ ಕೂರಿಸುವುದು ಪರಿಹಾರವಲ್ಲ. ಕುಣಿತ, ಓಟ, ಜಿಗಿತಗಳೆಲ್ಲ ಜೀವಮಾನದ ಮೂಳೆಯನ್ನು ಕಟ್ಟುವ ಕೆಲಸಗಳೇ.

ಕಷ್ಟವಿರುವುದು, ಈ ಘಟ್ಟ ಎಲ್ಲರಿಗೂ ಒಂದೇ ವಯಸ್ಸಿನಲ್ಲಿ ಬರುವುದಿಲ್ಲ ಎಂಬಲ್ಲಿ. ಹದಿನಾಲ್ಕರ ಒಳಗಿನ ತಂಡದಲ್ಲಿ ಒಬ್ಬನಿಗೆ ಆಗಲೇ ಮೀಸೆ ಚಿಗುರಿರುತ್ತದೆ, ಅದೇ ತಿಂಗಳಲ್ಲಿ ಹುಟ್ಟಿದ ಇನ್ನೊಬ್ಬನ ಧ್ವನಿಯೂ ಒಡೆದಿರುವುದಿಲ್ಲ. ಜನ್ಮಪತ್ರದ ವಯಸ್ಸು ಒಂದೇ, ದೇಹದ ವಯಸ್ಸಿನಲ್ಲಿ ಮೂರು ನಾಲ್ಕು ವರ್ಷದ ಅಂತರ. ಬೇಗ ಬೆಳೆದವನು ಎತ್ತರವಿರುತ್ತಾನೆ, ವೇಗವಾಗಿ ಎಸೆಯುತ್ತಾನೆ. ಹೊಸ ಚೆಂಡು ಅವನಿಗೇ, ಕೊನೆಯ ಓವರ್‌ಗಳೂ ಅವನಿಗೇ. ಹೀಗೆ ಅತಿ ಹೆಚ್ಚು ಭಾರ ಬೀಳುವುದು ಅತಿ ವೇಗವಾಗಿ ಬೆಳೆಯುತ್ತಿರುವ ಬೆನ್ನಿನ ಮೇಲೆ. ತಡವಾಗಿ ಬೆಳೆಯುವವನು ಆಯ್ಕೆಯಾಗದೆ ಮೂಲೆಗೆ ಸರಿಯುತ್ತಾನೆ, ಹದಿನೇಳರಲ್ಲಿ ಅವನೇ ಹೆಚ್ಚು ಎತ್ತರ ಬೆಳೆದರೂ ಆ ಹೊತ್ತಿಗೆ ಆಟ ಬಿಟ್ಟಿರುತ್ತಾನೆ. ವಯೋಮಿತಿಯ ಗಡುವಿನ ದಿನಾಂಕದ ಬೆನ್ನಿಗೇ ಹುಟ್ಟಿದ ಮಕ್ಕಳು ಅದೇ ಗುಂಪಿನ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗಿಂತ ಹೆಚ್ಚಾಗಿ ಆಯ್ಕೆಯಾಗುವುದು ಹಲವು ದೇಶಗಳ ಹಲವು ಕ್ರೀಡೆಗಳಲ್ಲಿ ದಾಖಲಾಗಿದೆ. ಹದಿನಾರರ ಒಳಗಿನವರ ವಯಸ್ಸಿನ ವಂಚನೆ ತಡೆಯಲು ಭಾರತೀಯ ಕ್ರಿಕೆಟ್ ಮಂಡಳಿ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ಅಳೆಯುತ್ತದೆ. ಯಾರು ಆಡಬಹುದು ಎಂದು ತೀರ್ಮಾನಿಸಲು ಬಳಸುವ ಈ ಮಾಹಿತಿ, ಯಾರಿಗೆ ಎಷ್ಟು ಓವರ್ ಕೊಡಬಹುದು ಎಂದು ತೀರ್ಮಾನಿಸಲೂ ನೆರವಾಗಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಎಕ್ಸ್‌ರೇ ಇಲ್ಲದೆಯೂ ಈ ಕೆಲಸ ಸಾಧ್ಯ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ಮೂರು ತಿಂಗಳಿಗೊಮ್ಮೆ ಎತ್ತರ ಅಳೆದರೆ ಸಾಕು. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ಆಸುಪಾಸು, ಅಂದರೆ ವರ್ಷಕ್ಕೆ ಏಳೆಂಟು ಸೆಂಟಿಮೀಟರ್ ಲೆಕ್ಕದಲ್ಲಿ ಬೆಳೆಯುತ್ತಿದ್ದರೆ ಆ ಮಗು ಬೆಳವಣಿಗೆಯ ಏರಿನಲ್ಲಿದೆ ಎಂದು ತಿಳಿಯಬಹುದು. ಮಗುವಿನ ಈಗಿನ ಎತ್ತರ, ತೂಕ ಮತ್ತು ತಂದೆತಾಯಿಯರ ಎತ್ತರದಿಂದ ಮುಂದಿನ ಪೂರ್ಣ ಎತ್ತರವನ್ನು ಅಂದಾಜಿಸುವ ಸೂತ್ರವೂ ಇದೆ. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳು ಅದನ್ನು ಬಳಸಿ ಮಕ್ಕಳನ್ನು ಹುಟ್ಟಿದ ದಿನಕ್ಕೆ ಬದಲು ಬೆಳವಣಿಗೆಯ ಹಂತದ ಪ್ರಕಾರ ಗುಂಪು ಮಾಡಿ ಆಡಿಸಿ ನೋಡಿವೆ. ಏರಿನಲ್ಲಿರುವ ಹುಡುಗನ ಆ್ಯಕ್ಷನ್ ಕೆಲವು ತಿಂಗಳು ಹದಗೆಡುವುದು ಸಹಜ, ಏಕೆಂದರೆ ನಿನ್ನೆಯ ಕೈಕಾಲು ಇಂದಿನದಲ್ಲ. ಆಗ ಆತುರಪಟ್ಟು ಆ್ಯಕ್ಷನ್ ತಿದ್ದಲು ಹೊರಟು ನೂರಾರು ಚೆಂಡು ಹೆಚ್ಚುವರಿಯಾಗಿ ಎಸೆಸುವುದಕ್ಕಿಂತ, ಓವರ್ ಕಡಿಮೆ ಮಾಡಿ ಕಾಯುವುದು ಒಳ್ಳೆಯದು.

ಈಗ ಓವರ್‌ಗಳ ಎಣಿಕೆಗೆ ಬರೋಣ. ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಳಿ ಬಹುಕಾಲ ಪಾಲಿಸಿಕೊಂಡು ಬಂದ ನಿಯಮದಂತೆ ಹದಿಮೂರರ ಒಳಗಿನ ವೇಗದ ಬೌಲರ್ ಒಂದು ಸ್ಪೆಲ್‌ನಲ್ಲಿ, ಅಂದರೆ ಬಿಡುವಿಲ್ಲದ ಒಂದು ಸರದಿಯಲ್ಲಿ, 5 ಓವರ್, ದಿನಕ್ಕೆ 10 ಓವರ್ ಮಾತ್ರ ಎಸೆಯಬಹುದಿತ್ತು. ಹದಿನೈದರ ಒಳಗಿನವರಿಗೆ ಇದು 6 ಮತ್ತು 12, ಹದಿನೇಳರ ಒಳಗಿನವರಿಗೆ 7 ಮತ್ತು 18. ಇಂಥ ಮಿತಿಗಳು ಬೇಕೇ ಬೇಕು. ಆದರೆ ಮಿತಿಯೊಳಗಿದ್ದರೆ ಸುರಕ್ಷಿತ ಎಂದುಕೊಂಡರೆ ಅಪಾಯದ ದೊಡ್ಡ ಭಾಗವೇ ಕಣ್ತಪ್ಪುತ್ತದೆ. ದೇಹ ಕೇಳುವ ಪ್ರಶ್ನೆ ಇಂದು ಎಷ್ಟು ಎಸೆದೆ ಎಂಬುದಲ್ಲ. ಹಿಂದಿನ ವಾರಗಳಲ್ಲಿ ನನ್ನನ್ನು ಎಷ್ಟಕ್ಕೆ ಸಿದ್ಧಗೊಳಿಸಿದ್ದೆ ಎಂಬುದು.

ನಮ್ಮ ಊರುಗಳ ಕ್ಯಾಲೆಂಡರನ್ನೇ ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಹುಡುಗ ಫೆಬ್ರುವರಿ ಬಂದೊಡನೆ ಬ್ಯಾಟು ಚೆಂಡು ಮೂಲೆಗಿಟ್ಟು ಓದಿಗೆ ಕೂರುತ್ತಾನೆ. ಪರೀಕ್ಷೆ ಮುಗಿದ ಮರುವಾರವೇ ಬೇಸಿಗೆ ಶಿಬಿರ. ವಾರಕ್ಕೆ ಆರು ದಿನ, ಬೆಳಗ್ಗೆ ಮತ್ತು ಸಂಜೆ ತಲಾ ಎಂಟು ಓವರ್ ಎಸೆದರೂ ವಾರಕ್ಕೆ 576 ಚೆಂಡು. ಎರಡು ತಿಂಗಳು ಸೊನ್ನೆಯಲ್ಲಿದ್ದ ಬೆನ್ನಿಗೆ ಒಮ್ಮೆಲೇ ಇಷ್ಟು. ಭಾನುವಾರ ಬಡಾವಣೆಯ ಟೆನಿಸ್ ಬಾಲ್ ಟೂರ್ನಿ ಬೇರೆ. ಶಾಲೆಯ ದೈಹಿಕ ಶಿಕ್ಷಕರಿಗೆ ಕ್ಲಬ್ಬಿನ ಓವರ್ ಗೊತ್ತಿಲ್ಲ, ಕ್ಲಬ್ಬಿನ ಕೋಚ್‌ಗೆ ಶಿಬಿರದ ಲೆಕ್ಕ ಗೊತ್ತಿಲ್ಲ, ತಂದೆತಾಯಿಗೆ ಮೂರೂ ಗೊತ್ತಿಲ್ಲ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಮಿತಿಯೊಳಗೇ ಇರುತ್ತಾರೆ. ಕೂಡಿಸಿದಾಗ ಮಾತ್ರ ಮಿತಿ ಮೀರಿರುತ್ತದೆ, ಕೂಡಿಸುವವರು ಯಾರೂ ಇರುವುದಿಲ್ಲ.

ಈ ವಾರದ ಭಾರವನ್ನು ಕಳೆದ ನಾಲ್ಕು ವಾರಗಳ ಸರಾಸರಿಯೊಂದಿಗೆ ಹೋಲಿಸುವ ವಿಧಾನವೊಂದು ಕಳೆದ ದಶಕದಲ್ಲಿ ಬಹಳ ಪ್ರಚಾರಕ್ಕೆ ಬಂತು. ಸರಾಸರಿ ವಾರಕ್ಕೆ 120 ಚೆಂಡು ಎಸೆಯುತ್ತಿದ್ದವನು ಈ ವಾರ 240 ಎಸೆದರೆ ಅನುಪಾತ 2. ಒಂದೂವರೆ ದಾಟಿದರೆ ಎಚ್ಚರ ಎಂಬುದು ಅದರ ಸಾರ. ಈ ಅನುಪಾತದ ಗಣಿತಕ್ಕೆ ಸಂಶೋಧಕರಿಂದ ಗಂಭೀರ ಆಕ್ಷೇಪಗಳೂ ಬಂದಿವೆ, ಒಂದೇ ಸಂಖ್ಯೆಯಿಂದ ಗಾಯವನ್ನು ಮುಂಗಾಣಲು ಆಗುವುದಿಲ್ಲ. ಆ ಆಕ್ಷೇಪಗಳು ಸರಿಯೆಂದೇ ನಾನು ಭಾವಿಸುತ್ತೇನೆ. ಆದರೂ ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು, ಪೂರ್ತಿ ಸೊನ್ನೆಗೆ ಇಳಿಸಬಾರದು ಎಂಬ ಮೂಲ ವಿಚಾರಕ್ಕೆ ಅದರಿಂದ ಧಕ್ಕೆಯಿಲ್ಲ. ಪರೀಕ್ಷೆಯ ತಿಂಗಳುಗಳಲ್ಲೂ ವಾರಕ್ಕೆ ಎರಡು ಬಾರಿ ನಾಲ್ಕೈದು ಓವರ್ ಎಸೆಯುವ ಹುಡುಗನು, ಏನೂ ಎಸೆಯದೆ ಕೂತವನಿಗಿಂತ ಏಪ್ರಿಲ್‌ಗೆ ಹೆಚ್ಚು ಸಿದ್ಧನಾಗಿರುತ್ತಾನೆ. ಅತಿಯಾದ ಬೌಲಿಂಗ್ ಎಷ್ಟು ಅಪಾಯವೋ, ಅತಿ ಕಡಿಮೆ ಬೌಲಿಂಗ್ ಮಾಡಿ ನೇರವಾಗಿ ಟೂರ್ನಿಗೆ ಇಳಿಯುವುದೂ ಅಷ್ಟೇ ಅಪಾಯ.

ಚೆಂಡಿನ ಎಣಿಕೆಯೊಂದರಿಂದಲೇ ಶ್ರಮ ತಿಳಿಯದು. ಅಭ್ಯಾಸ ಮುಗಿದ ಮೇಲೆ ಎಷ್ಟು ಕಷ್ಟವಾಯಿತು ಎಂದು ಮಗುವನ್ನೇ ಕೇಳಿ, ಅದು ಹತ್ತರಲ್ಲಿ ಕೊಟ್ಟ ಅಂಕವನ್ನು ನಿಮಿಷಗಳಿಂದ ಗುಣಿಸುವ ಸರಳ ಪದ್ಧತಿ ಲೋಕದಾದ್ಯಂತ ಬಳಕೆಯಲ್ಲಿದೆ. ಅರವತ್ತು ನಿಮಿಷದ ಅಭ್ಯಾಸಕ್ಕೆ ಏಳು ಅಂಕವಾದರೆ 420. ಅದೇ ಅಭ್ಯಾಸಕ್ಕೆ ಕಳೆದ ವಾರ ಐದು ಕೊಟ್ಟವನು ಈ ವಾರ ಎಂಟು ಕೊಟ್ಟರೆ, ನಿದ್ದೆಯೋ ಊಟವೋ ಜ್ವರವೋ ಮನಸ್ಸಿನ ಭಾರವೋ, ಏನೋ ಒಂದು ಬದಲಾಗಿದೆ ಎಂದರ್ಥ.

ತೂಕ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಸರಿಯಾದ ಮೇಲ್ವಿಚಾರಣೆಯಲ್ಲಿ ಮಾಡಿದ ಶಕ್ತಿ ತರಬೇತಿಯಿಂದ ಬೆಳವಣಿಗೆ ಕುಂಠಿತವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೂ ಇಂಥ ತರಬೇತಿಯನ್ನು ಬೆಂಬಲಿಸುತ್ತದೆ. ಯೋಚಿಸಿ ನೋಡಿ: ಒಂದೊಂದು ಚೆಂಡಿಗೂ ತನ್ನ ತೂಕದ ಐದು ಪಟ್ಟು ಬಲವನ್ನು ಒಂಟಿ ಕಾಲಿನ ಮೇಲೆ ತಡೆದುಕೊಳ್ಳುವ ಹುಡುಗನನ್ನು, ಇಪ್ಪತ್ತು ಕಿಲೋ ಹಿಡಿದು ಬಸ್ಕಿ ಹೊಡೆಯಬೇಡ ಎಂದು ತಡೆಯುವುದರಲ್ಲಿ ಅರ್ಥವಿಲ್ಲ. ಮೊದಲು ಸ್ವಂತ ತೂಕದಲ್ಲಿ ಬಸ್ಕಿ, ಒಂಟಿಕಾಲಿನ ಸಮತೋಲ, ಮೊಣಕೈ ಊರಿ ಮೈಯನ್ನು ನೇರವಾಗಿ ಹಿಡಿಯುವ ಪ್ಲ್ಯಾಂಕ್, ಜಿಗಿದು ಮೆತ್ತಗೆ ಇಳಿಯುವುದು. ಭಂಗಿ ಸರಿಯಾದ ಮೇಲೆ ನಿಧಾನವಾಗಿ ತೂಕ. ಹತ್ತು ಹನ್ನೆರಡರಲ್ಲಿ ಬರುವ ಬಲವು ಬಹುಪಾಲು ನರಮಂಡಲ ಸ್ನಾಯುಗಳನ್ನು ಉತ್ತಮವಾಗಿ ಬಳಸಲು ಕಲಿಯುವುದರಿಂದ ಬರುವಂಥದ್ದು, ಸ್ನಾಯುವಿನ ಗಾತ್ರ ಹಿಗ್ಗುವುದು ಪ್ರೌಢತೆಯ ನಂತರ.

ಊಟ ಮತ್ತು ನಿದ್ದೆಯನ್ನು ತರಬೇತಿಯ ಭಾಗವೆಂದು ಎಣಿಸದ ಶಿಬಿರಗಳೇ ಹೆಚ್ಚು. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಾತ್ರಿ ಒಂಬತ್ತಕ್ಕೆ ಟ್ಯೂಷನ್ ಮುಗಿಸಿ, ಹನ್ನೊಂದಕ್ಕೆ ಮಲಗಿ, ಬೆಳಗ್ಗೆ ಐದಕ್ಕೆ ಏಳುವ ಮಗುವಿಗೆ ಸಿಗುವುದು ಆರು ಗಂಟೆ. ಎಷ್ಟು ಒಳ್ಳೆಯ ಕೋಚ್ ಇದ್ದರೂ ಆ ಕೊರತೆ ತುಂಬುವುದಿಲ್ಲ. ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂಬುದು ನಮ್ಮ ದೇಶದ ಶಿಫಾರಸು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅದಿಷ್ಟೂ ಮೈಗೆ ಹತ್ತದಿದ್ದರೂ ಮುದ್ದೆ, ಹಾಲು, ಮೊಸರು, ಸೊಪ್ಪು ಸೇರಿದರೆ ಲೆಕ್ಕ ತುಂಬುತ್ತದೆ. ದುಬಾರಿ ಪುಡಿಗಳ ಅಗತ್ಯ ಬಹುತೇಕ ಮಕ್ಕಳಿಗಿಲ್ಲ. ಆದರೆ ಒಟ್ಟು ಆಹಾರವೇ ಸಾಲದಿದ್ದರೆ, ದೇಹವು ಮೂಳೆ ಕಟ್ಟುವಂಥ ಕೆಲಸಗಳನ್ನು ಮುಂದೂಡುತ್ತದೆ. ಹುಡುಗಿಯರಲ್ಲಿ ಮುಟ್ಟು ತಿಂಗಳುಗಟ್ಟಲೆ ನಿಲ್ಲುವುದು ಇದರ ಸ್ಪಷ್ಟ ಸೂಚನೆ. ಅಭ್ಯಾಸ ಹೆಚ್ಚಾದಾಗ ಹೀಗಾಗುವುದು ಮಾಮೂಲು ಎಂದು ಬಿಡದೆ ವೈದ್ಯರಿಗೆ ತೋರಿಸಬೇಕು.

ಇಷ್ಟೆಲ್ಲ ಎಚ್ಚರದ ನಡುವೆಯೂ ನೋವು ಬಂದರೆ ಗುರುತಿಸುವುದು ಹೇಗೆ? ಸೊಂಟದ ಕೆಳಗೆ ಒಂದೇ ಬದಿಯಲ್ಲಿ ನೋವು, ಬೌಲಿಂಗ್ ಮಾಡುವಾಗ ಹೆಚ್ಚಿ ಬಿಡುವು ಕೊಟ್ಟಾಗ ತಗ್ಗುವುದು, ಒಂಟಿಕಾಲಿನಲ್ಲಿ ನಿಂತು ಹಿಂದಕ್ಕೆ ಬಾಗಿದಾಗ ಚುಚ್ಚಿದಂತಾಗುವುದು: ಬೆಳೆಯುವ ವೇಗದ ಬೌಲರ್‌ನಲ್ಲಿ ಇವು ಕಂಡರೆ ಬೇರೆ ಕಾರಣ ಸಿಗುವವರೆಗೆ ಮೂಳೆಯ ತೊಂದರೆ ಎಂದೇ ಭಾವಿಸಿ ಬೌಲಿಂಗ್ ನಿಲ್ಲಿಸಬೇಕು. ಆರಂಭದಲ್ಲಿ ಸಾಮಾನ್ಯ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಕ್ಸ್‌ರೇ ಚೆನ್ನಾಗಿದೆ ಎಂಬ ಸಮಾಧಾನದಲ್ಲಿ ಮತ್ತೆ ಆಡಿ ಬಿರುಕು ಪೂರ್ಣಗೊಂಡ ಹುಡುಗರಿದ್ದಾರೆ. ಊತದ ಹಂತದಲ್ಲಿಯೇ ಪತ್ತೆಯಾದರೆ ವಾಸಿಯಾಗುವ ಸಾಧ್ಯತೆ ಬಹಳ ಹೆಚ್ಚು, ಬಿಡುವಿನ ಅವಧಿಯೂ ಕಡಿಮೆ. ಬಿರುಕೇ ಬಿಟ್ಟಿದ್ದರೆ ಮತ್ತೆ ಪಂದ್ಯಕ್ಕೆ ಇಳಿಯಲು ಆರರಿಂದ ಒಂಬತ್ತು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಮರಳುವ ದಾರಿಗೂ ಒಂದು ಕ್ರಮವಿದೆ. ನೋವಿಲ್ಲದೆ ನಡಿಗೆ, ಆಮೇಲೆ ಬೆನ್ನು ಮತ್ತು ಸೊಂಟದ ಸ್ನಾಯುಗಳಿಗೆ ಬಲ, ಆಮೇಲೆ ಓಟ. ನಿಂತಲ್ಲಿಂದ ಮೆಲ್ಲನೆ ಎಸೆಯುವ ಹನ್ನೆರಡು ಚೆಂಡು, ಒಂದು ದಿನ ಬಿಟ್ಟು ಹದಿನೆಂಟು, ನಾಲ್ಕು ಹೆಜ್ಜೆಯ ರನ್‌ಅಪ್, ಅರ್ಧ ರನ್‌ಅಪ್. ಪೂರ್ಣ ವೇಗ ಬರುವುದು ಎಲ್ಲಕ್ಕಿಂತ ಕೊನೆಗೆ. ಹದಿನೈದರಲ್ಲಿ ಬಿರುಕು ಬಿಟ್ಟು ಹದಿನಾರರಲ್ಲಿ ಮರಳುವ ಹುಡುಗ ಅಷ್ಟರಲ್ಲಿ ಕೆಲವು ಸೆಂಟಿಮೀಟರ್ ಬೆಳೆದಿರುತ್ತಾನೆ. ಹಳೆಯ ಗುರುತಿನಿಂದ ಓಡಿ ಬಂದರೆ ಅವನ ಮುಂಗಾಲು ಕ್ರೀಸ್ ದಾಟಿ ಬೀಳುತ್ತದೆ. ಆದ್ದರಿಂದ ಅವನು ಮೊದಲು ಮಾಡಬೇಕಾದದ್ದು ಅಳತೆಪಟ್ಟಿ ತೆಗೆದುಕೊಂಡು ತನ್ನ ರನ್‌ಅಪ್ಪನ್ನು ಹೊಸದಾಗಿ ಅಳೆದು, ಗುರುತಿನ ಬಿಲ್ಲೆಯನ್ನು ಒಂದೆರಡು ಹೆಜ್ಜೆ ಹಿಂದಕ್ಕೆ ಇಡುವುದು.